ಡಬ್ಬಿಯೊಳಗಿನ ವಾಟರ್‌ಮನ್

"ಸರ್ವರ್ ಡೌನ್ ಐತ್ರೀ, ಊಟಾ ಮುಗಿಸ್ಕೊಂಡು ಬರ್ರಿ."

ಪಹಣಿಗೋ ಜಾತಿ ಪ್ರಮಾಣಪತ್ರಕ್ಕೋ ಕೌಂಟರಿನ ಮುಂದೆ ಪಾಳಿ ಹಚ್ಚಿದ ಯಾರಿಗೂ ಈ ಮಾತು ಹೊಸದಲ್ಲ. ಊಟ ಮುಗಿಸಿ ಬಂದರೆ ಪ್ರಿಂಟರ್ ಕಿರುಗುಡುತ್ತಿರುತ್ತದೆ, ಪಾಳಿ ಸರಿಯುತ್ತಿರುತ್ತದೆ. ರಿಪೇರಿಗೆ ಯಾರೂ ಬಂದ ಹಾಗಿಲ್ಲ. ಏಣಿ ಹಾಕಿಲ್ಲ, ಸ್ಕ್ರೂ ಡ್ರೈವರ್ ಹೊರಗೆ ಬಂದಿಲ್ಲ. ಕೇಳಿದರೆ, "ಹುಬ್ಬಳ್ಳಿಯಿಂದನ ಸರಿ ಮಾಡಿದ್ರಂತ್ರೀ" ಎನ್ನುತ್ತಾರೆ.

ತಲೆದೂಗಿ ಒಪ್ಪಿಕೊಂಡು ಕಾಗದ ತೆಗೆದುಕೊಂಡು ಬಂದುಬಿಡುತ್ತೇವೆ. ಆದರೆ ಒಂದು ಗಳಿಗೆ ನಿಂತು ಯೋಚಿಸಿದರೆ ಉತ್ತರದಲ್ಲೇ ತೊಡಕಿದೆ. ಜಾಲ ಕೆಟ್ಟಿತ್ತು ಅಂದರಲ್ಲವೆ? ಹಾಗಿದ್ದರೆ ಹುಬ್ಬಳ್ಳಿಯಲ್ಲಿ ಕೂತವರ ಕೈ ಇಲ್ಲಿಯ ತನಕ ಚಾಚಿದ್ದು ಯಾವ ದಾರಿಯಿಂದ? ಕೆಟ್ಟುಹೋದ ಜಾಲದೊಳಗಿಂದಲೇ ಬಂದು ಅದೇ ಜಾಲವನ್ನು ನೆಟ್ಟಗೆ ಮಾಡಲು ಬರುತ್ತದೆಯೆ? ಬರುತ್ತದೆ, ಬಹಳ ಸಲ. ಕೆಲವು ಸಲ ಬರುವುದಿಲ್ಲ. ಆಗ ಯಾರಾದರೂ ಬಸ್ಸು ಹತ್ತಲೇಬೇಕು. ಯಾವಾಗ ಬರುತ್ತದೆ, ಯಾವಾಗ ಬರುವುದಿಲ್ಲ ಎಂಬುದು ತಿಳಿಯಬೇಕಾದರೆ ಕೋಣೆಯ ಮೂಲೆಯಲ್ಲಿ ದೂಳು ಹಿಡಿದು ಕೂತಿರುವ ಒಂದು ಡಬ್ಬಿಯ ಒಳಗನ್ನು ನೋಡಬೇಕು.

ಅಂದಹಾಗೆ, ಆ ಹೊತ್ತಿನಲ್ಲಿ ಸರ್ವರ್ ಡೌನ್ ಆಗಿರಬೇಕೆಂದೇನೂ ಇಲ್ಲ. ಅದು ದೂರದ ದತ್ತಾಂಶ ಕೇಂದ್ರದಲ್ಲಿ ಎ.ಸಿ. ಗಾಳಿಯಲ್ಲಿ ಸುಖವಾಗಿ ಓಡುತ್ತಿರಬಹುದು. ಕೈಕೊಟ್ಟದ್ದು ಹತ್ತಡಿ ದೂರದ ಈ ಡಬ್ಬಿಯೇ ಇರಬಹುದು. ಎರಡಕ್ಕೂ ಕೌಂಟರಿನಲ್ಲಿ ಬರುವುದು ಒಂದೇ ಮಾತು.

ಇಪ್ಪತ್ತನಾಲ್ಕು ಕಿಂಡಿ

ಧಾರವಾಡದಿಂದ ಉತ್ತರಕ್ಕೆ ಸುಮಾರು 20 ಕಿ.ಮೀ. ದೂರದಲ್ಲಿ, ಎರೆಹೊಲಗಳ ನಡುವೆ ಉಪ್ಪಿನಬೆಟಗೇರಿ ಇದೆ. ಹುಬ್ಬಳ್ಳಿಯಿಂದ ಲೆಕ್ಕ ಹಾಕಿದರೆ ಸುಮಾರು 40 ಕಿ.ಮೀ. ಇಂಥ ಊರುಗಳಿಗೆ ಗಾಜಿನ ಎಳೆಯ ತಂತಿ ಮುಟ್ಟಿಸಬೇಕೆಂದು 2011ರಲ್ಲಿ ಕೇಂದ್ರ ಸಂಪುಟ ಒಂದು ಯೋಜನೆಗೆ ಒಪ್ಪಿಗೆ ಕೊಟ್ಟಿತು. ಈಗ ಅದರ ಹೆಸರು ಭಾರತ್‌ನೆಟ್, ಗುರಿ ದೇಶದ ಸುಮಾರು ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳು. ಪತ್ರಿಕೆಗಳು ಬರೆಯುವುದೆಲ್ಲ ಊರಿಗೆ ಬರುವ ಈ ತಂತಿಯ ಕುರಿತೇ. ತಂತಿ ಕಟ್ಟಡದೊಳಗೆ ಹೊಕ್ಕ ಮೇಲಿನ ಕಥೆ ಯಾರೂ ಹೇಳುವುದಿಲ್ಲ.

ಉಪ್ಪಿನಬೆಟಗೇರಿಯಲ್ಲಿ ಒಂದು ಕಂಪ್ಯೂಟರ್ ಕೋಣೆಯನ್ನು ಕಲ್ಪಿಸಿಕೊಳ್ಳಿ. ಶಾಲೆಯದಾಗಲಿ, ಸೊಸೈಟಿಯದಾಗಲಿ, ನಮಗೆ ಅದು ಮುಖ್ಯವಲ್ಲ. ಹದಿನೈದು ಕಂಪ್ಯೂಟರ್, ಎರಡು ಪ್ರಿಂಟರ್, ಬಾಗಿಲ ಮೇಲೊಂದು ಕ್ಯಾಮೆರಾ. ಹೊರಗಿನ ಲೈನು ಒಂದೇ. ಇವೆಲ್ಲವನ್ನೂ ಸೇರಿಸುವುದು ಗೋಡೆಗೆ ಮೊಳೆ ಹೊಡೆದು ಕೂಡಿಸಿದ ಕಬ್ಬಿಣದ ಡಬ್ಬಿ, ನೆಟ್‌ವರ್ಕ್ ಸ್ವಿಚ್. ಅದರ ಮುಖಕ್ಕೆ ಸಾಲಾಗಿ 24 ಕಿಂಡಿ. ಪೋರ್ಟ್ ಎನ್ನುವುದು ಈ ಕಿಂಡಿಗಳಿಗೇ. ಪ್ರತಿ ಕಿಂಡಿಗೊಂದು ತಂತಿ, ಪ್ರತಿ ತಂತಿಯ ತಲೆಯ ಮೇಲೊಂದು ಹಸಿರು ದೀಪ.

ಕಂಪ್ಯೂಟರುಗಳು ಮಾತಾಡುವುದು ಚಿಕ್ಕ ಚಿಕ್ಕ ಪೊಟ್ಟಣಗಳಲ್ಲಿ. ಪ್ರತಿ ಪೊಟ್ಟಣದ ಮೇಲೆ ಕಳಿಸಿದವರ ಗುರುತು, ಸೇರಬೇಕಾದವರ ಗುರುತು ಎರಡೂ ಇರುತ್ತವೆ. ಈ ಗುರುತನ್ನು ತಯಾರಕರು ಕಾರ್ಖಾನೆಯಲ್ಲೇ ಬರೆದಿರುತ್ತಾರೆ; ಹನ್ನೆರಡು ಅಂಕಿ-ಅಕ್ಷರಗಳ ಇದಕ್ಕೆ ಮ್ಯಾಕ್ ವಿಳಾಸವೆಂದು ಹೆಸರು. ಯಾವ ಕಿಂಡಿಯ ಆಚೆ ಯಾರಿದ್ದಾರೆ ಎಂದು ಸ್ವಿಚ್‌ಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಅದು ಬಂದ ಪ್ರತಿ ಪೊಟ್ಟಣದ ಕಳಿಸಿದವರ ಗುರುತು ಓದಿ, 'ಇವರು 5ನೇ ಕಿಂಡಿಯಲ್ಲಿದ್ದಾರೆ' ಎಂದು ತನ್ನ ಪಟ್ಟಿಯಲ್ಲಿ ಬರೆದುಕೊಳ್ಳುತ್ತದೆ. ಮುಂದೆ ಅವರಿಗೆಂದು ಬಂದದ್ದನ್ನು 5ಕ್ಕೆ ಮಾತ್ರ ಬಿಡುತ್ತದೆ. ಪಟ್ಟಿಯಲ್ಲಿ ಇಲ್ಲದವರಿಗೆ ಏನಾದರೂ ಬಂದರೆ ಎಲ್ಲ ಕಿಂಡಿಗೂ ಒಂದೊಂದು ಪ್ರತಿ ಕಳಿಸುತ್ತದೆ. ಸಂಬಂಧಪಟ್ಟವರು ಉತ್ತರಿಸಿದ ಕೂಡಲೇ ಅವರ ಜಾಗವೂ ಗೊತ್ತಾಗುತ್ತದೆ. ಐದು ನಿಮಿಷ ಸುಮ್ಮನಿದ್ದವರ ಹೆಸರನ್ನು ಹೊಡೆದುಹಾಕುವುದು ಸಾಮಾನ್ಯ ಪದ್ಧತಿ. ಕಂಪ್ಯೂಟರನ್ನು ಆ ಮೇಜಿನಿಂದ ಈ ಮೇಜಿಗೆ ಸರಿಸಿದರೂ ಯಾರಿಗೂ ಅರ್ಜಿ ಕೊಡಬೇಕಿಲ್ಲದಿರುವುದು ಈ ಮರೆವಿನಿಂದ, ಈ ಕಲಿಕೆಯಿಂದ.

ಈ ಬಗೆಯ ಈಥರ್ನೆಟ್ ಸ್ವಿಚ್ಚನ್ನು ಮೊದಲು ಮಾರುಕಟ್ಟೆಗೆ ತಂದದ್ದು 1990ರಲ್ಲಿ, ಅಮೆರಿಕದ ಕಲ್ಪನಾ ಎಂಬ ಕಂಪನಿ. ಸ್ಥಾಪಕರಲ್ಲೊಬ್ಬರಾದ ವಿನೋದ್ ಭಾರದ್ವಾಜ್ ಹೆಂಡತಿಯ ಹೆಸರನ್ನೇ ಕಂಪನಿಗೆ ಇಟ್ಟಿದ್ದರು. ಆ ಮೊದಲ ಡಬ್ಬಿಗೆ ಇದ್ದದ್ದು ಏಳೇ ಕಿಂಡಿ. 1994ರಲ್ಲಿ ಸಿಸ್ಕೋ ಆ ಕಂಪನಿಯನ್ನು ಕೊಂಡಿತು, ಹೆಸರು ಮಾಯವಾಯಿತು.

ಒಂದು ಡಬ್ಬಿ, ಎರಡು ಜೀವ

ಈಗ ಒಂದು ಲೆಕ್ಕ. ಇವತ್ತಿನ ಸಾಧಾರಣ ಸ್ವಿಚ್ಚಿನ ಒಂದು ಕಿಂಡಿಯಲ್ಲಿ ಸೆಕೆಂಡಿಗೆ ನೂರು ಕೋಟಿ ಬಿಟ್ ಹರಿಯಬಹುದು. ಅತಿ ಚಿಕ್ಕ ಪೊಟ್ಟಣಗಳಾದರೆ ಒಂದು ಕಿಂಡಿಗೆ ಸೆಕೆಂಡಿಗೆ ಸುಮಾರು 14,88,000. ಇಂಥ ಕಿಂಡಿ 24. ಅಂದರೆ ಸೆಕೆಂಡಿಗೆ ಮೂರೂವರೆ ಕೋಟಿಗೂ ಮಿಕ್ಕಿ ಪೊಟ್ಟಣಗಳ ಗುರುತು ಓದಿ, ಪಟ್ಟಿ ನೋಡಿ, ಸರಿಯಾದ ಕಿಂಡಿಗೆ ತಳ್ಳಬೇಕು. ಆದರೆ ಡಬ್ಬಿಯೊಳಗಿನ ಪ್ರೊಸೆಸರ್ ಅನೇಕ ಸ್ವಿಚ್‌ಗಳಲ್ಲಿ ಕೆಲವು ನೂರು ಮೆಗಾಹರ್ಟ್ಸ್‌ನದು. ನಿಮ್ಮ ಕಿಸೆಯಲ್ಲಿರುವ ಫೋನು ಅದಕ್ಕಿಂತ ಎಷ್ಟೋ ಪಾಲು ಚುರುಕು. ಅದರ ಕೈಯಲ್ಲಿ ಈ ಕೆಲಸ ಆಗುವುದಿಲ್ಲ.

ಆಗಬೇಕಾಗಿಯೂ ಇಲ್ಲ. ಊರಿನ ಕುಡಿಯುವ ನೀರಿನ ವ್ಯವಸ್ಥೆ ನೋಡಿ. ನೀರು ಟಾಕಿಯಿಂದ ಇಳಿದು ಪೈಪಿನಲ್ಲಿ ತನ್ನಷ್ಟಕ್ಕೆ ಹರಿಯುತ್ತದೆ. ವಾಟರ್‌ಮನ್ ಒಂದು ಕೊಡವನ್ನೂ ಹೊತ್ತು ಹಾಕುವುದಿಲ್ಲ. ಅವನ ಕೈಯಲ್ಲಿರುವುದು ವಾಲ್ವ್ ತಿರುಗಿಸುವ ಉದ್ದನೆಯ ಕೀಲಿ ಮಾತ್ರ. ಇವತ್ತು ಮೇಲಿನ ಓಣಿ, ನಾಳೆ ಅಗಸಿ ಕಡೆಯ ಓಣಿ. ವಾಲ್ವ್ ಬಿಟ್ಟು ಮನೆಗೆ ಹೋಗಿ ಮಲಗಿದರೂ ನೀರು ನಿಲ್ಲುವುದಿಲ್ಲ. ಓಣಿ ಬದಲಿಸಬೇಕು, ಸೋರುವ ಕವಲನ್ನು ಮುಚ್ಚಬೇಕು ಅಂದಾಗ ಮಾತ್ರ ಅವನಿಲ್ಲದೆ ನಡೆಯುವುದಿಲ್ಲ. ದಿನಗಟ್ಟಲೆ ನೀರಿಗೆ ಕಾದು ರೂಢಿಯಾದ ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ವಾಲ್ವ್‌ಮನ್ ಫೋನ್ ನಂಬರು ಬೀಗರ ನಂಬರಿಗಿಂತ ಮೇಲೆ ಇರುವುದು ಸುಮ್ಮನೆ ಅಲ್ಲ.

ಸ್ವಿಚ್ಚಿನೊಳಗೂ ಹೀಗೇ ಎರಡು ಭಾಗ. ಪೊಟ್ಟಣಗಳನ್ನು ಹರಿಸುವುದು ಆ ಒಂದೇ ಕೆಲಸಕ್ಕೆಂದು ಕೊರೆದ ಚಿಪ್. ಅದಕ್ಕೆ ಯೋಚನೆ ಇಲ್ಲ, ವೇಗ ಮಾತ್ರ. ಅದರ ಪಕ್ಕದಲ್ಲಿ ಚಿಕ್ಕ, ನಿಧಾನದ ಕಂಪ್ಯೂಟರ್ ಇರುತ್ತದೆ. ಯಾವ ಕಿಂಡಿ ತೆರೆದಿರಬೇಕು, ಯಾವುದು ಮುಚ್ಚಿರಬೇಕು, ಯಾರನ್ನು ಯಾರೊಡನೆ ಸೇರಿಸಬಾರದು ಎಂಬ ತೀರ್ಮಾನ ಅದರದು. ಇದೇ ಡಬ್ಬಿಯೊಳಗಿನ ವಾಟರ್‌ಮನ್. ಹುಬ್ಬಳ್ಳಿಯ ತಂತ್ರಜ್ಞ ಮಾತಾಡುವುದು ಇವನ ಜೊತೆ. ಬಜಾರಿನಲ್ಲಿ ಸೋವಿಗೆ ಸಿಗುವ ಐದು ಕಿಂಡಿಯ ಪ್ಲಾಸ್ಟಿಕ್ ಸ್ವಿಚ್‌ಗಳಲ್ಲಿ ಇವನು ಇರುವುದಿಲ್ಲ. ಅವು ಕೆಟ್ಟರೆ ಮಾತಾಡಿಸಲು ಯಾರೂ ಸಿಗುವುದಿಲ್ಲ.

ತಿಳಿನೀಲಿ ತಂತಿ

ಹೊಸ ಸ್ವಿಚ್ಚನ್ನು ರಟ್ಟಿನ ಡಬ್ಬಿಯಿಂದ ತೆಗೆದಾಗ ಜಾಲದಲ್ಲಿ ಅದನ್ನು ಕರೆಯಲು ಸಾಮಾನ್ಯವಾಗಿ ವಿಳಾಸವೇ ಇರುವುದಿಲ್ಲ. ಆದ್ದರಿಂದ ಮೊದಲ ಮಾತುಕತೆ ಮೈಗೆ ಮೈ ತಾಗಿಸಿಯೇ ಆಗಬೇಕು. ಡಬ್ಬಿಯ ಹಿಂದೆಯೋ ಮುಂದೆಯೋ ಕನ್ಸೋಲ್ ಎಂದು ಬರೆದ ಒಂದು ಬೇರೆ ಕಿಂಡಿ ಇರುತ್ತದೆ. ನೋಡಲಿಕ್ಕೆ ಉಳಿದ 24 ಕಿಂಡಿಗಳ ಹಾಗೇ ಇರುವುದರಿಂದ ಹೊಸಬರು ಎಷ್ಟೋ ಸಲ ತಪ್ಪು ಕಿಂಡಿಗೆ ಚುಚ್ಚಿ, ಉತ್ತರ ಬರಲಿಲ್ಲವೆಂದು ತಲೆ ಕೆರೆದುಕೊಳ್ಳುತ್ತಾರೆ. ಜೊತೆಗೆ ಬರುವ ತಂತಿ ತಿಳಿನೀಲಿ ಬಣ್ಣದ್ದು, ಶಾವಿಗೆ ಪಟ್ಟಿಯಂತೆ ಚಪ್ಪಟೆ. ಅದರ ಇನ್ನೊಂದು ತುದಿ ಲ್ಯಾಪ್‌ಟಾಪಿಗೆ.

ಈ ಕಿಂಡಿಗೂ ಪೊಟ್ಟಣ ಹರಿಸುವ ಚಿಪ್‌ಗೂ ಸಂಬಂಧವಿಲ್ಲ. ತಂತಿ ನೇರವಾಗಿ ಚಿಕ್ಕ ಕಂಪ್ಯೂಟರಿನ ಬಾಯಿ-ಕಿವಿಗೆ ಹೋಗುತ್ತದೆ. ಇದರ ಮೂಲ ನಿಯಮಾವಳಿ 1960ರದು, ಟೆಲಿಪ್ರಿಂಟರ್ ಕಾಲದ್ದು. ಈಗಲೂ ಬಹುಪಾಲು ಸ್ವಿಚ್‌ಗಳಲ್ಲಿ ಇದರ ವೇಗ ಸೆಕೆಂಡಿಗೆ 9,600 ಬಿಟ್. ಅಕ್ಷರದ ಲೆಕ್ಕದಲ್ಲಿ 960. ಪಕ್ಕದ ಕಿಂಡಿಗಳು ಇದಕ್ಕಿಂತ ಸುಮಾರು ಒಂದು ಲಕ್ಷ ಪಟ್ಟು ವೇಗದವು. ಅರವತ್ತು ವರ್ಷದಲ್ಲಿ ಎಲ್ಲವೂ ಬದಲಾಯಿತು, ಇದು ಮಾತ್ರ ಹಾಗೇ ಉಳಿಯಿತು. ನನಗೆ ಇದರಲ್ಲಿ ಸೋಮಾರಿತನ ಕಾಣುವುದಿಲ್ಲ. ಉಳಿದದ್ದೆಲ್ಲ ಸತ್ತಾಗಲೂ ಬದುಕಿರಬೇಕಾದ ದಾರಿ ಎಷ್ಟು ಸರಳವಿದ್ದರೆ ಅಷ್ಟು ಒಳ್ಳೆಯದು.

ಲ್ಯಾಪ್‌ಟಾಪಿನಲ್ಲಿ ಕಪ್ಪು ಪರದೆ ತೆರೆದು ಎಂಟರ್ ಒತ್ತಿದರೆ ಸ್ವಿಚ್ಚಿನ ಹೆಸರು, ಅದರ ಮುಂದೆ > ಎಂಬ ಗುರುತು ಮೂಡುತ್ತದೆ. ಚಿತ್ರವಿಲ್ಲ, ಗುಂಡಿಯಿಲ್ಲ, ಮೌಸ್ ಇಟ್ಟುಕೊಳ್ಳಲು ಜಾಗವಿಲ್ಲ. ಒಂದು ಸಾಲಿನಲ್ಲಿ ಆಜ್ಞೆ ಕೊಡುವುದು, ಉತ್ತರ ಓದುವುದು. ಇದೇ ಆಜ್ಞಾಸಾಲು, ಕಮಾಂಡ್ ಲೈನ್. ಸಿಸ್ಕೋ ರೂಢಿಗೆ ತಂದ ಪದ್ಧತಿಯಲ್ಲಿ > ಇದ್ದಾಗ ನೀವು ಬರೀ ನೋಡಬಹುದು. 'ಎನೇಬಲ್' ಎಂದು ಟೈಪಿಸಿ ಗುಪ್ತಪದ ಕೊಟ್ಟರೆ ಗುರುತು # ಆಗುತ್ತದೆ. ಆಮೇಲೆ 'ಕಾನ್ಫಿಗರ್ ಟರ್ಮಿನಲ್' ಎಂದರೆ ವಾಲ್ವ್ ಕೀಲಿ ಕೈಗೆ ಬಂದಂತೆ. ಬೇರೆ ತಯಾರಕರೂ ಹೆಚ್ಚುಕಡಿಮೆ ಇದೇ ಜಾಡಿನಲ್ಲಿ ನಡೆದಿದ್ದಾರೆ.

ಮೊದಲ ಸಲ ನೋಡಿದವರಿಗೆ ಇದು ಒರಟು ಅನ್ನಿಸುತ್ತದೆ. ಒರಟಲ್ಲ. ಎಲ್ಲೇ ಸಿಕ್ಕಿಬಿದ್ದರೂ ಒಂದು ಪ್ರಶ್ನಾರ್ಥಕ ಚಿಹ್ನೆ ಒತ್ತಿ. ಈಗ ಇಲ್ಲಿ ಏನೇನು ಹೇಳಬಹುದು ಎಂದು ಪಟ್ಟಿ ಕೊಡುತ್ತದೆ. ಪೂರ್ತಿ ಪದ ಬೇಡ, ಬೇರೆ ಪದದೊಡನೆ ಗೊಂದಲವಾಗದಷ್ಟು ಅಕ್ಷರ ಸಾಕು: 'ಶಟ್‌ಡೌನ್' ಬದಲು 'ಶಟ್'. ಮಾಡಿದ್ದನ್ನು ರದ್ದು ಮಾಡಲು ಅದೇ ಆಜ್ಞೆಯ ಮುಂದೆ ಒಂದು 'ನೋ' ಸೇರಿಸಿದರಾಯಿತು. ತಪ್ಪು ಹೊಡೆದರೆ, ತಪ್ಪಾದ ಅಕ್ಷರದ ಕೆಳಗೆ ಸರಿಯಾಗಿ ಒಂದು ಚೂಪು ಗುರುತು ಇಟ್ಟು ತೋರಿಸುತ್ತದೆ. ಸರಿ ಹೊಡೆದರೆ ಏನೂ ಹೇಳುವುದಿಲ್ಲ, ಮುಂದಿನ ಸಾಲಿಗೆ ಹೋಗುತ್ತದೆ. ಮೌನವೇ ಸಮ್ಮತಿ.

ಅಕ್ಷರ ಹೋಗಿ ಬರುವ ದಾರಿ

ಪ್ರತಿ ಸಲವೂ ನೀಲಿ ತಂತಿ ಹಿಡಿದು ಉಪ್ಪಿನಬೆಟಗೇರಿಗೆ ಬರಲಾಗುವುದಿಲ್ಲ. ಅದಕ್ಕೆ ಮೊದಲ ದಿನವೇ ಚಿಕ್ಕ ಕಂಪ್ಯೂಟರಿಗೆ ಜಾಲದಲ್ಲಿ ಅದರದೇ ಒಂದು ವಿಳಾಸ ಕೊಟ್ಟುಬಿಡುತ್ತಾರೆ. ಆ ವಿಳಾಸಕ್ಕೆಂದು ಬಂದ ಪೊಟ್ಟಣಗಳನ್ನು ವೇಗದ ಚಿಪ್ ಬೇರೆ ಕಿಂಡಿಗೆ ತಳ್ಳದೆ ಒಳಗಿನವನಿಗೆ ಒಪ್ಪಿಸುತ್ತದೆ. ಇಲ್ಲಿ ನನ್ನ ವಾಟರ್‌ಮನ್ ಹೋಲಿಕೆ ಕಾಲು ಮುರಿದುಕೊಳ್ಳುತ್ತದೆ. ನೀರು ಬಾರದ ದಿನವೂ ವಾಟರ್‌ಮನ್‌ಗೆ ಫೋನು ಹೋಗುತ್ತದೆ, ಏಕೆಂದರೆ ಫೋನಿಗೂ ಪೈಪಿಗೂ ಸಂಬಂಧವಿಲ್ಲ. ಸ್ವಿಚ್ಚಿನಲ್ಲಿ ಒಳಗಿನವನ ಜೊತೆ ಮಾತೂ ಅದೇ ಪೈಪಿನಲ್ಲೇ ಬರಬೇಕು. ಮುಂದೆ ಬರುವ ಫಜೀತಿಗೆಲ್ಲ ಮೂಲ ಇದೇ.

ಹುಬ್ಬಳ್ಳಿಯ ಮೇಜಿನ ಮೇಲೆ ತಂತ್ರಜ್ಞ ಒಂದು ಅಕ್ಷರ ಒತ್ತುತ್ತಾನೆ. ಪರದೆಯಲ್ಲಿ ಅಕ್ಷರ ಮೂಡುತ್ತದೆ. ಅದನ್ನು ಮೂಡಿಸಿದ್ದು ಅವನ ಕಂಪ್ಯೂಟರ್ ಎಂದುಕೊಳ್ಳುವುದು ಸಹಜ. ಆದರೆ ಅಕ್ಷರ ಪೊಟ್ಟಣದಲ್ಲಿ ಕೂತು ಉಪ್ಪಿನಬೆಟಗೇರಿಗೆ ಹೋಗಿ, ಸ್ವಿಚ್ ಅದನ್ನು ಓದಿ, 'ಇಗೋ ಬಂತು' ಎಂದು ತಿರುಗಿ ಕಳಿಸಿದ ಮೇಲೆಯೇ ಪರದೆಗೆ ಬಂದದ್ದು. ಪ್ರತಿ ಅಕ್ಷರಕ್ಕೂ ಹೋಗಿ ಬರುವ ಈ ಯಾತ್ರೆ ಇದ್ದದ್ದೇ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿ.ಮೀ. ಓಡುವುದರಿಂದ 40 ಕಿ.ಮೀ.ಗೆ ಸೆಕೆಂಡಿನ ಐದು ಸಾವಿರದಲ್ಲೊಂದು ಪಾಲು ಸಾಕು. ಲೈನು ಬೆಂಗಳೂರು ಸುತ್ತಿ ಬಂದರೂ ಕಣ್ಣಿಗೆ ತಡ ಗೊತ್ತಾಗುವುದಿಲ್ಲ. ಗುಪ್ತಪದ ಹೊಡೆಯುವಾಗ ಪರದೆಯಲ್ಲಿ ಚುಕ್ಕಿ ಕೂಡ ಕಾಣುವುದಿಲ್ಲವಲ್ಲ, ಅದಕ್ಕೂ ಕಾರಣ ಇಷ್ಟೇ: ಆ ಹೊತ್ತಿನಲ್ಲಿ ಸ್ವಿಚ್ ಅಕ್ಷರಗಳನ್ನು ತಿರುಗಿ ಕಳಿಸುವುದಿಲ್ಲ.

ದೂರದಿಂದ ಮಾತಾಡುವ ಹಳೆಯ ವಿಧಾನ ಟೆಲ್ನೆಟ್. ಅದರ ಬೇರು 1969ಕ್ಕೆ ಹೋಗುತ್ತದೆ. ಅದರಲ್ಲಿ ಎಲ್ಲವೂ ಬಿಚ್ಚು ಕಾಗದ. ನಡುದಾರಿಯಲ್ಲಿ ಕಿವಿಯಿಟ್ಟವರಿಗೆ ಗುಪ್ತಪದವೂ ಅಕ್ಷರ ಬಿಡದೆ ಸಿಗುತ್ತದೆ. ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಹೀಗೆ ಗುಪ್ತಪದಗಳ ಕಳುವಾದ ಮೇಲೆ, ಅಲ್ಲಿನ ಟಾಟು ಯ್ಲೋನನ್ 1995ರಲ್ಲಿ ಮಾತನ್ನೆಲ್ಲ ಗೂಢಲಿಪಿಯಲ್ಲಿ ಕಳಿಸುವ ಎಸ್‌ಎಸ್‌ಎಚ್ ಬರೆದರು. ಇವತ್ತು ಟೆಲ್ನೆಟ್ ತೆರೆದಿಟ್ಟ ಸ್ವಿಚ್ ಕಂಡರೆ ಅದನ್ನು ಮುಚ್ಚುವುದು ಮೊದಲ ಕೆಲಸವಾಗಬೇಕು.

ಗೂಢಲಿಪಿ ಇದ್ದರೂ ಗುಪ್ತಪದವೇ 'ಅಡ್ಮಿನ್' ಆಗಿದ್ದರೆ ಏನು ಬಂತು? 2017ರ ಜುಲೈನಲ್ಲಿ ಕರ್ನಾಟಕದಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಗ್ರಾಹಕರ ಮೋಡೆಮ್‌ಗಳಿಗೆ ಕುತಂತ್ರಾಂಶವೊಂದು ನುಗ್ಗಿ ಸಂಪರ್ಕ ತಪ್ಪಿಸಿತು. ಸಿಕ್ಕಿಬಿದ್ದದ್ದು ಕಾರ್ಖಾನೆಯಿಂದ ಬಂದ ಗುಪ್ತಪದವನ್ನೇ ಇಟ್ಟುಕೊಂಡಿದ್ದ ಮೋಡೆಮ್‌ಗಳು. ಗುಪ್ತಪದ ಬದಲಿಸಿಕೊಳ್ಳಿ ಎಂದು ಸಂಸ್ಥೆ ಗ್ರಾಹಕರಿಗೆ ಸೂಚನೆ ಹೊರಡಿಸಬೇಕಾಯಿತು.

ಎಲ್ಲ ದೀಪ ಒಮ್ಮೆಗೇ

ಈಗ ನಮ್ಮ ಕೋಣೆಯಲ್ಲಿ ಒಂದು ದಿನ. ಕಸ ಹೊಡೆಯುವಾಗ ಮೇಜಿನ ಕೆಳಗೆ ಒಂದು ತಂತಿ ಜೋತಾಡುತ್ತಿತ್ತು. ಅಲ್ಲೇ ಯಾರೋ ಯಾವಾಗಲೋ ತಂದಿಟ್ಟ ಐದು ಕಿಂಡಿಯ ಪ್ಲಾಸ್ಟಿಕ್ ಡಬ್ಬಿ ಇತ್ತು, ಖಾಲಿ ಕಿಂಡಿಯೂ ಇತ್ತು. ಜೋತಾಡುವುದು ಯಾಕೆಂದು ಒಳ್ಳೆಯ ಮನಸ್ಸಿನಿಂದ ಚುಚ್ಚಿದರು. ತಂತಿಯ ಇನ್ನೊಂದು ತುದಿ ಅದೇ ಡಬ್ಬಿಯಲ್ಲಿತ್ತು.

ಹುಬ್ಬಳ್ಳಿಗೆ ಫೋನು ಹೋಯಿತು.

"ಅಕ್ಕಾರ, ಗ್ವಾಡಿ ಮ್ಯಾಲಿನ ಡಬ್ಬ್ಯಾಗ ಲೈಟ್ ಹೆಂಗದಾವ ನೋಡ್ರಿ."

"ಎಲ್ಲಾ ಒಮ್ಮಿಗೇ ಪಟಪಟಾ ಹೊಡ್ಕೊಳ್ಳಾಕತ್ತಾವ್ರೀ ಸರ್. ನೆಟ್ ಮಾತ್ರ ಇಲ್ಲ."

ಅನುಭವಸ್ಥನಿಗೆ ಇಷ್ಟು ಸಾಕು. ಸಾಮಾನ್ಯ ದಿನದಲ್ಲಿ ಒಂದೊಂದು ದೀಪ ಒಂದೊಂದು ಲಯದಲ್ಲಿ ಮಿನುಗುತ್ತದೆ. ಎಲ್ಲವೂ ಒಂದೇ ತಾಳಕ್ಕೆ ಬಿದ್ದವೆಂದರೆ ಎಲ್ಲ ಕಿಂಡಿಗೂ ಒಂದೇ ಸರಕು ಹೋಗುತ್ತಿದೆ.

ಕೆಲವು ಪೊಟ್ಟಣಗಳು ಒಬ್ಬರಿಗೆ ಬರೆದವಲ್ಲ, 'ಎಲ್ಲರಿಗೂ' ಎಂದೇ ಬರೆದವು. ಹೊಸದಾಗಿ ಚಾಲೂ ಆದ ಕಂಪ್ಯೂಟರು ಪ್ರಿಂಟರ್ ಹುಡುಕುವಾಗ 'ಈ ವಿಳಾಸ ಯಾರದ್ರಪ್ಪಾ' ಎಂದು ಕೂಗುವುದು ಹೀಗೆ. ಸ್ವಿಚ್ ಇಂಥದ್ದನ್ನು ಬಂದ ಕಿಂಡಿ ಬಿಟ್ಟು ಉಳಿದೆಲ್ಲದಕ್ಕೂ ಕಳಿಸುತ್ತದೆ. ಈಗ ಪ್ಲಾಸ್ಟಿಕ್ ಡಬ್ಬಿಯ ಒಂದು ಕಿಂಡಿಯಿಂದ ಹೊರಟದ್ದು ಅದೇ ಡಬ್ಬಿಯ ಇನ್ನೊಂದು ಕಿಂಡಿಗೆ ಬರುತ್ತದೆ, ಅಲ್ಲಿಂದ ಮತ್ತೆ ಎಲ್ಲ ಕಡೆಗೆ, ಮತ್ತೆ ಒಳಕ್ಕೆ. ಇಂಟರ್ನೆಟ್ಟಿನ ಪೊಟ್ಟಣಗಳಲ್ಲಿ ಎಷ್ಟು ಹೆಜ್ಜೆಗೆ ಸಾಯಬೇಕೆಂಬ ಎಣಿಕೆ ಬರೆದಿರುತ್ತದೆ. ಈಥರ್ನೆಟ್ಟಿನ ಹೊದಿಕೆಯಲ್ಲಿ ಅಂಥ ಎಣಿಕೆ ಇಲ್ಲ. ತಂತಿ ಕೀಳುವ ತನಕ, ಇಲ್ಲವೇ ಕರೆಂಟ್ ಹೋಗುವ ತನಕ ಅದು ಸುತ್ತುತ್ತಲೇ ಇರುತ್ತದೆ. ಪ್ರತಿ ಸುತ್ತಿಗೂ ಒಂದು ಪ್ರತಿ ಗೋಡೆಯ ಮೇಲಿನ ದೊಡ್ಡ ಸ್ವಿಚ್ಚಿಗೆ, ಅಲ್ಲಿಂದ ಕೋಣೆಯ ಎಲ್ಲರಿಗೆ.

ಇದಕ್ಕೆ ಮದ್ದು 1985ರಲ್ಲೇ ಸಿಕ್ಕಿದೆ. ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯಲ್ಲಿದ್ದ ರೇಡಿಯಾ ಪರ್ಲ್‌ಮನ್, ಡಬ್ಬಿಗಳು ತಾವೇ ಮಾತಾಡಿಕೊಂಡು ಸುತ್ತುದಾರಿಯನ್ನು ಕಂಡುಹಿಡಿದು ಒಂದು ಕಡೆ ಮುಚ್ಚಿಕೊಳ್ಳುವ ವಿಧಾನ ರೂಪಿಸಿದರು. ಗೋಡೆಯ ಸ್ವಿಚ್‌ಗೆ ಅದು ಗೊತ್ತು. ಮೇಜಿನ ಕೆಳಗಿನ ಸೋವಿ ಡಬ್ಬಿಗೆ ಗೊತ್ತಿಲ್ಲ. ಎಷ್ಟೋ ಸಲ ಅಂಥ ಡಬ್ಬಿ ಆ ಮಾತನ್ನು ಮುಂದಕ್ಕೂ ದಾಟಿಸುವುದಿಲ್ಲ. ಆಗ ದೊಡ್ಡದಕ್ಕೂ ಸುಳಿವು ಸಿಗುವುದಿಲ್ಲ.

ಹಾನಿ ಬರೀ ದಟ್ಟಣೆಯಿಂದಲ್ಲ. ಸ್ವಿಚ್ ಕಲಿಯುವುದು ಕಳಿಸಿದವರ ಗುರುತು ಓದಿ ಎಂದೆನಲ್ಲವೆ? ಹೊರಗಿನ ಲೈನಿನ ರೂಟರ್ 24ನೇ ಕಿಂಡಿಯಲ್ಲಿದೆ, ಪ್ಲಾಸ್ಟಿಕ್ ಡಬ್ಬಿಯ ತಂತಿ 17ನೇ ಕಿಂಡಿಯಲ್ಲಿದೆ ಅನ್ನಿ. ಅದು ಒಮ್ಮೆ 'ಎಲ್ಲರಿಗೂ' ಎಂದು ಕೂಗಿದ್ದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಸುತ್ತಿ 17ನೇ ಕಿಂಡಿಯಿಂದ ತಿರುಗಿ ಬರುತ್ತದೆ, ಮೇಲೆ ರೂಟರಿನದೇ ಗುರುತು. ಸ್ವಿಚ್ ಪಾಪ, ರೂಟರ್ 17ಕ್ಕೆ ಮನೆ ಬದಲಿಸಿತು ಎಂದು ಪಟ್ಟಿ ತಿದ್ದಿಕೊಳ್ಳುತ್ತದೆ. ರೂಟರ್ ಮತ್ತೆ ಮಾತಾಡಿದರೆ ಮತ್ತೆ 24. ಸೆಕೆಂಡಿಗೆ ಎಷ್ಟೋ ಸಲ ಈ ಓಡಾಟ. ಜನರ ಅರ್ಜಿಗಳೆಲ್ಲ ರೂಟರಿಗೆ ಹೋಗುವ ಬದಲು ಮೇಜಿನ ಕೆಳಗೆ ಹೋಗಿ ಬೀಳುತ್ತವೆ. ಕೌಂಟರಿನಲ್ಲಿ ಸರ್ವರ್ ಡೌನ್.

ಇಂಥದ್ದರಲ್ಲಿ ತಂತ್ರಜ್ಞ ಒಳಗೆ ಬರುವುದು ಹೇಗೆ? ಅವನ ಮಾತು ಬಹಳ ಚಿಕ್ಕದು ಎಂಬುದೇ ಉತ್ತರ. ಒಂದು ಅಕ್ಷರಕ್ಕೆ ಒಂದು ಪುಟ್ಟ ಪೊಟ್ಟಣ. ಕಳೆದುಹೋದರೆ ಮತ್ತೆ ಕಳಿಸುವ ಏರ್ಪಾಡು ಅದರೊಳಗೇ ಇದೆ. ರೂಟರ್ ಪಟ್ಟಿಯಲ್ಲಿ 24ಕ್ಕೆ ಮರಳಿದ ಆ ಕ್ಷಣಗಳಲ್ಲಿ ಕೆಲವಾದರೂ ದಾಟುತ್ತವೆ. ಸಾವಿರ ತುಣುಕುಗಳ ಚಿತ್ರಭರಿತ ಜಾಲಪುಟ ಇಲ್ಲಿ ಅರ್ಧಕ್ಕೇ ಉಸಿರು ಬಿಡುತ್ತದೆ. ಆಜ್ಞಾಸಾಲು ಏದುಸಿರು ಬಿಡುತ್ತಲೇ ನಡೆಯುತ್ತದೆ. ಅಕ್ಷರ ಒತ್ತಿದರೆ ಎರಡು ಸೆಕೆಂಡ್ ಬಿಟ್ಟು ಮೂಡುತ್ತದೆ. ತಂತ್ರಜ್ಞರು ಚಿತ್ರದ ಪರದೆ ಬಿಟ್ಟು ಈ ಕರಿ ಪರದೆಯನ್ನು ಇಷ್ಟಪಡುವುದಕ್ಕೆ ಗತ್ತು ಕಾರಣ ಎಂದು ಹೊರಗಿನವರು ತಿಳಿಯುತ್ತಾರೆ. ಸ್ವಲ್ಪ ಗತ್ತೂ ಇದೆ ಬಿಡಿ.

ಅವನು ಮೊದಲು ಪಟ್ಟಿ ಕೇಳುತ್ತಾನೆ: 'ಶೋ ಮ್ಯಾಕ್ ಅಡ್ರೆಸ್-ಟೇಬಲ್'. ಹದಿನೈದು ಯಂತ್ರಗಳ ಗುರುತುಗಳು ತಂತಮ್ಮ ಕಿಂಡಿ ಬಿಟ್ಟು 17ರ ಮುಂದೆ ಗುಂಪುಗೂಡಿವೆ. ಮತ್ತೆ ಕೇಳಿದರೆ ಕೆಲವು ಜಾಗ ಬದಲಿಸಿವೆ. 17ನೇ ಕಿಂಡಿಯ ಲೆಕ್ಕ ಕೇಳುತ್ತಾನೆ: 'ಎಲ್ಲರಿಗೂ' ಎಂಬ ಪೊಟ್ಟಣಗಳ ಎಣಿಕೆ ಎರಡು ನೋಟಗಳ ನಡುವೆ ಲಕ್ಷಗಟ್ಟಲೆ ಏರಿದೆ. ಇನ್ನು ಅನುಮಾನವಿಲ್ಲ. ಕಾನ್ಫಿಗರ್ ಟರ್ಮಿನಲ್, ಇಂಟರ್ಫೇಸ್ 17, ಶಟ್. ಒಂದು ಓಣಿಯ ವಾಲ್ವ್ ಮುಚ್ಚಿತು. ದೀಪಗಳು ತಂತಮ್ಮ ಲಯಕ್ಕೆ ಬರುತ್ತವೆ, ಪ್ರಿಂಟರ್ ಸದ್ದು ಮಾಡುತ್ತದೆ. ಮೇಜಿನ ಕೆಳಗಿನ ಡಬ್ಬಿಯಲ್ಲಿ ಬಿರುಗಾಳಿ ಈಗಲೂ ಬೀಸುತ್ತಿದೆ, ಹೊರಬರಲು ದಾರಿಯಿಲ್ಲ ಅಷ್ಟೆ.

"ಅಕ್ಕಾರ, ಹದಿನೇಳನೇ ವೈರ್ ಎಲ್ಲಿಗೆ ಹೋಗೈತಿ ಅದನ್ನ ಹುಡುಕ್ರಿ. ಅದರ ಕಡೀ ತುದ್ಯಾಗ ಏನರ ಉದ್ಯೋಗ ಮಾಡಿರ್ತಾರ."

ಕೂತ ಟೊಂಗೆ

ಅವಸರದಲ್ಲಿ ಅವನು 17ರ ಬದಲು 24 ಎಂದು ಹೊಡೆದಿದ್ದರೆ?

ಸ್ವಿಚ್ ವಾದ ಮಾಡುವುದಿಲ್ಲ. ಹೇಳಿದ ಕಿಂಡಿ ಮುಚ್ಚುತ್ತದೆ. ಅವನ ಮಾತು ಬರುತ್ತಿದ್ದದ್ದೂ ಆ ಕಿಂಡಿಯಿಂದಲೇ. ಮುಂದಿನ ಅಕ್ಷರ ಒತ್ತುತ್ತಾನೆ, ಪರದೆಯಲ್ಲಿ ಮೂಡುವುದಿಲ್ಲ. ಇನ್ನೊಂದು ಒತ್ತುತ್ತಾನೆ, ಅದೂ ಇಲ್ಲ. ಅಕ್ಷರ ಮೂಡಬೇಕಾದರೆ ಹೋಗಿ ಬರಬೇಕು, ಹೋಗುವ ದಾರಿಯನ್ನು ಅವನೇ ಮುಚ್ಚಿದ್ದಾನೆ. 'ನೋ ಶಟ್' ಎನ್ನುವ ಎರಡು ಪದ ಮುಟ್ಟಿಸಿದರೆ ಎಲ್ಲ ಸರಿಹೋಗುತ್ತದೆ, ಆದರೆ ಮುಟ್ಟಿಸುವುದು ಯಾವುದರ ಮೇಲೆ? ಕೂತ ಟೊಂಗೆ ಕಡಿದವರ ಕಥೆ ನಮಗೆ ಗೊತ್ತಿದ್ದದ್ದೇ.

ಜಗತ್ತಿನ ಅತಿ ದೊಡ್ಡ ಜಾಲಗಳೂ ಈ ಟೊಂಗೆಯಿಂದ ಬಿದ್ದಿವೆ. 2021ರ ಅಕ್ಟೋಬರ್ 4, ಸೋಮವಾರ ರಾತ್ರಿ ಒಂಬತ್ತರ ಸುಮಾರಿಗೆ ವಾಟ್ಸಾಪ್ ನಿಂತದ್ದು ನೆನಪಿದೆಯೆ? ಫೇಸ್‌ಬುಕ್, ಇನ್‌ಸ್ಟಾಗ್ರಾಂ ಜೊತೆಗೇ ಹೋದವು, ಮರಳಲು ಸುಮಾರು ಆರು ತಾಸು ಹಿಡಿಯಿತು. ತನ್ನ ದತ್ತಾಂಶ ಕೇಂದ್ರಗಳನ್ನು ಜೋಡಿಸುವ ಬೆನ್ನೆಲುಬು ಜಾಲದ ಸಾಮರ್ಥ್ಯ ಪರೀಕ್ಷಿಸಲು ಹೊರಡಿಸಿದ ಒಂದು ಆಜ್ಞೆ ಆ ಜಾಲವನ್ನೇ ಕಡಿದುಹಾಕಿತು ಎಂದು ಕಂಪನಿ ಆಮೇಲೆ ವಿವರಿಸಿತು. ಇಂಥ ಆಜ್ಞೆಯನ್ನು ತಡೆಯಬೇಕಿದ್ದ ತಪಾಸಣೆಯ ತಂತ್ರಾಂಶದಲ್ಲಿ ದೋಷವಿತ್ತು. ದೂರದಿಂದ ಒಳಹೋಗುವ ದಾರಿಗಳು ಮುಚ್ಚಿದ್ದರಿಂದ ಎಂಜಿನಿಯರುಗಳು ಕೇಂದ್ರಗಳಿಗೆ ಖುದ್ದಾಗಿ ಹೋಗಬೇಕಾಯಿತು. ಕಟ್ಟುನಿಟ್ಟಿನ ಕಾವಲಿನ ಕಟ್ಟಡಗಳಾದ್ದರಿಂದ ಒಳಗೆ ಹೋಗುವುದಕ್ಕೂ ತಡವಾಯಿತು.

ಉಪ್ಪಿನಬೆಟಗೇರಿಯ ಕೋಣೆಗೆ ಅಷ್ಟು ಕಾವಲಿಲ್ಲ. ಅಲ್ಲಿ ಇನ್ನೊಂದು ಉಪಾಯವಿದೆ: "ಅಕ್ಕಾರ, ಡಬ್ಬಿ ಪ್ಲಗ್ ಒಮ್ಮೆ ತಗದು ಹಾಕ್ರಿ."

ತೆಗೆದು ಹಾಕಿದರೆ ಸರಿಯಾಗುವುದು ಯಾಕೆ ಎಂಬ ಹಳೆಯ ಒಗಟಿಗೆ ಇಲ್ಲಿ ಒಂದು ನಿಖರ ಉತ್ತರವಿದೆ. ಒಳಗಿನ ಚಿಕ್ಕ ಕಂಪ್ಯೂಟರಿಗೆ ಎರಡು ನೆನಪು. ಈಗ ನಡೆಯುತ್ತಿರುವ ಏರ್ಪಾಡು ಚಾಲ್ತಿ ನೆನಪಿನಲ್ಲಿ, ಕರೆಂಟ್ ಇರುವ ತನಕ. ಚಾಲೂ ಆಗುವಾಗ ಓದಿಕೊಳ್ಳುವ ಏರ್ಪಾಡು ಕಾಯಂ ನೆನಪಿನಲ್ಲಿ, ಕರೆಂಟ್ ಹೋದರೂ ಅಳಿಯದಂತೆ. ಟೈಪಿಸಿದ ಆಜ್ಞೆ ತಕ್ಷಣ ಜಾರಿಯಾಗುವುದು ಚಾಲ್ತಿಯಲ್ಲಿ ಮಾತ್ರ. 'ರೈಟ್ ಮೆಮೊರಿ' ಎಂದು ಬೇರೆಯಾಗಿ ಹೇಳಿದರಷ್ಟೇ ಕಾಯಂಗೆ ನಕಲಾಗುತ್ತದೆ. ಹೇಳದಿದ್ದರೆ, ಪ್ಲಗ್ ಕಿತ್ತ ಕೂಡಲೇ 24ನ್ನು ಮುಚ್ಚಿದ ಆಜ್ಞೆ ಅಳಿಸಿಹೋಗಿ ಬೆಳಗಿನ ಸ್ಥಿತಿ ಮರಳುತ್ತದೆ.

ಇದೇ ಗುಣ ತಿರುಗಿ ಕಚ್ಚುವುದೂ ಉಂಟು. ಸರಿಯಾದ ತಿದ್ದುಪಡಿ ಮಾಡಿ 'ರೈಟ್ ಮೆಮೊರಿ' ಮರೆತರೆ ತಿಂಗಳುಗಟ್ಟಲೆ ಏನೂ ಗೊತ್ತಾಗುವುದಿಲ್ಲ. ಮಳೆಗಾಲದ ಒಂದು ರಾತ್ರಿ ಕರೆಂಟ್ ಹೋಗಿ ಬ್ಯಾಟರಿಯೂ ಇಳಿದು ಮತ್ತೆ ಬಂದಾಗ, ಎಂದೋ ಬಗೆಹರಿದ ತೊಂದರೆ ಎದ್ದು ಕೂತಿರುತ್ತದೆ. ಹೆಸ್ಕಾಂ ಲೈನಿಗೂ ಸ್ವಿಚ್ಚಿನ ಏರ್ಪಾಡಿಗೂ ಏನು ಸಂಬಂಧ ಎಂದು ತಲೆ ಕೆಡಿಸಿಕೊಳ್ಳುವ ಹೊಸಬರು ಮೊದಲು ಎರಡು ನೆನಪುಗಳನ್ನು ಹೋಲಿಸಿ ನೋಡಬೇಕು.

ಪಳಗಿದವರು ಈ ಎರಡು ನೆನಪಿನ ಸಂದಿಯನ್ನೇ ಹಗ್ಗ ಮಾಡಿಕೊಳ್ಳುತ್ತಾರೆ. ಅಪಾಯದ ತಿದ್ದುಪಡಿಗೆ ಮುಂಚೆ, ಏನನ್ನೂ ಮುಟ್ಟುವ ಮೊದಲೇ, 'ರಿಲೋಡ್ ಇನ್ 10' ಎಂದು ಹೊಡೆಯುತ್ತಾರೆ: ಹತ್ತು ನಿಮಿಷಕ್ಕೆ ನೀನಾಗಿಯೇ ಒಮ್ಮೆ ಆರಿ ಹೊತ್ತಿಕೋ ಎಂದು. ಆಮೇಲೆ ತಿದ್ದುಪಡಿ. ಟೊಂಗೆ ಕಡಿದು ಬಿದ್ದರೆ ಕೈಕಟ್ಟಿ ಕೂರಬೇಕು. ಹತ್ತು ನಿಮಿಷಕ್ಕೆ ಸ್ವಿಚ್ ತಾನೇ ಮರುಚಾಲನೆಗೊಂಡು, ಕಾಯಂ ನೆನಪನ್ನು ಓದಿ, 24ನೇ ಕಿಂಡಿ ತೆರೆದು ಕೂಡುತ್ತದೆ. ಬೀಳದಿದ್ದರೆ ಬೇರೆ ಕಿಟಕಿಯಿಂದ ಹೊಸದಾಗಿ ಒಳಬಂದು ದಾರಿ ಇನ್ನೂ ಇದೆಯೆಂದು ಖಾತ್ರಿ ಮಾಡಿಕೊಂಡು 'ರಿಲೋಡ್ ಕ್ಯಾನ್ಸಲ್' ಎನ್ನಬೇಕು. 'ರೈಟ್ ಮೆಮೊರಿ' ಎಲ್ಲಕ್ಕಿಂತ ಕೊನೆಗೆ. ಅನುಕ್ರಮ ತಪ್ಪಿ ಅದನ್ನು ಮೊದಲೇ ಹೊಡೆದರೆ ತಪ್ಪು ಆಜ್ಞೆಯೇ ಕಾಯಂ ಆಗಿ, ಮರುಚಾಲನೆಯಾದರೂ ಪ್ಲಗ್ ಕಿತ್ತರೂ ಕಿಂಡಿ ತೆರೆಯುವುದಿಲ್ಲ. ಆಗ ನೀಲಿ ತಂತಿ ಹಿಡಿದು ಧಾರವಾಡದ ಬಸ್ಸೇ ಗತಿ.

ಜುನಿಪರ್ ಕಂಪನಿಯವರು ಈ ಕಸರತ್ತನ್ನು ಒಂದೇ ಆಜ್ಞೆಗೆ ಇಳಿಸಿದ್ದಾರೆ. 'ಕಮಿಟ್ ಕನ್ಫರ್ಮ್ಡ್' ಎಂದರೆ ತಿದ್ದುಪಡಿ ಜಾರಿಗೆ ಬರುತ್ತದೆ. ಹತ್ತು ನಿಮಿಷದೊಳಗೆ ಇನ್ನೊಮ್ಮೆ ಒಪ್ಪಿಗೆ ಕೊಡದಿದ್ದರೆ ಡಬ್ಬಿ ಮರುಚಾಲನೆಯೂ ಇಲ್ಲದೆ ಹಳೆಯ ಏರ್ಪಾಡಿಗೆ ಮರಳುತ್ತದೆ. ಒಪ್ಪಿಗೆ ಕೊಡಲು ತಂತ್ರಜ್ಞನ ಮಾತು ಡಬ್ಬಿಯನ್ನು ಮುಟ್ಟಬೇಕು. ಮುಟ್ಟಿತೆಂದರೆ ದಾರಿ ತೆರೆದೇ ಇದೆ ಎಂದಾಯಿತು.